ಕೈ ಎತ್ತಿ ನಿಂತವ

ಅರ್ಧ ಬ್ಲೇಡನ್ನು ಬೆರಳ ನಡುವೆ ಅಡ್ಡ ಹಿಡಿದು ನಾನು ಒಂದು ಬೇವಿನ ಮರವನ್ನು ಕೆರೆದು ತೆಗೆಯುತ್ತಿದ್ದೆ. ಮರ ಇದ್ದದ್ದು ಟ್ರೇಸಿಂಗ್ ಬಟ್ಟೆಯ ಮೇಲೆ. ಗಂಜಿ ಹಾಕಿ ಹೊಳಪು ಕೊಟ್ಟ, ತುಸು ನೀಲಿ ಬಣ್ಣದ ತೆಳು ಬಟ್ಟೆ. ಒತ್ತಿ ಕೆರೆದರೆ ತೂತು ಬೀಳುತ್ತದೆ, ಹಗುರ ಕೆರೆದರೆ ಶಾಯಿ ಏಳುವುದಿಲ್ಲ. ಎಲೆಗಳು ಒಂದೊಂದಾಗಿ ಕಪ್ಪು ಪುಡಿಯಾಗಿ ಎದ್ದವು. ಊದಿದೆ. ಕೆರೆದ ಜಾಗಕ್ಕೆ ಚಾಕ್‌ಪೀಸಿನ ಪುಡಿ ಹಾಕಿ ಉಗುರಿನಿಂದ ತಿಕ್ಕಿ ನಯ ಮಾಡಿದೆ. ಎದುರಿನ ಕುರ್ಚಿಯಲ್ಲಿ ನಿಜಗುಣಪ್ಪಜ್ಜ ಕೂತಿದ್ದರು. ಅವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಬ್ಲೇಡಿನ ಸಪ್ಪಳ ಕೇಳಿಯೇ ನನ್ನ ಕೈ ಎಲ್ಲಿ ಒತ್ತುತ್ತಿದೆ, ಎಲ್ಲಿ ಸಡಿಲಾಗಿದೆ ಎಂದು ಅವರಿಗೆ ತಿಳಿಯುತ್ತಿತ್ತು.

ಆ ಬಟ್ಟೆಯ ಮೇಲೆ ನಮ್ಮ ಊರಿತ್ತು. ಸರಕಾರಿ ಕಾಗದದಲ್ಲಿ ಅದರ ಹೆಸರು ಹೊಸ ಹೊಳೆಹಾಳ. ಸವದತ್ತಿಯಿಂದ ಯರಗಟ್ಟಿಯವರೆಗೆ ಯಾರನ್ನು ಕೇಳಿದರೂ ಪ್ಲಾಟ್ ಎನ್ನುತ್ತಾರೆ. ಮಲಪ್ರಭೆಗೆ ಆಣೆಕಟ್ಟು ಆದಾಗ ಹಳೆಯ ಹೊಳೆಹಾಳ ನೀರಿನ ಕೆಳಗೆ ಹೋಯಿತು. ಅಲ್ಲಿಯ ಇನ್ನೂರು ಮನೆಯವರನ್ನು ತಂದು ಈ ದಿಬ್ಬದ ಮೇಲೆ ಇಟ್ಟರು. ನಾನು ಹುಟ್ಟುವ ಹತ್ತು ವರ್ಷ ಮೊದಲಿನ ಮಾತು.

ಆಗ ಇಲಾಖೆಯಲ್ಲಿ ನಕ್ಷೆ ಬರೆಯುತ್ತಿದ್ದವರು ನಿಜಗುಣಪ್ಪಜ್ಜ. ಬೈಲಹೊಂಗಲದವರು. ಹರೆಯದಲ್ಲಿ ಚಂಡೀಗಡಕ್ಕೆ ಹೋಗಿ, ಹೊಸ ರಾಜಧಾನಿ ಕಟ್ಟಿಸುತ್ತಿದ್ದ ಫ್ರಾನ್ಸಿನ ದೊಡ್ಡ ಸಾಹೇಬರ ಕಚೇರಿಯಲ್ಲಿ ಆರು ವರ್ಷ ಗೆರೆ ಎಳೆದು ಬಂದಿದ್ದರು. ಮುಳುಗಿದ ಬೇರೆ ಊರುಗಳಿಗೆಲ್ಲ ಒಂದೇ ಅಚ್ಚಿನ ನಕ್ಷೆ ಹೋಯಿತು. ನಮ್ಮದನ್ನು ಮಾತ್ರ ಇವರ ಕೈಗೆ ಬಿಟ್ಟರು. ಯಾಕೆ ಬಿಟ್ಟರೋ. ಅವರು ಇನ್ನೂರು ಮನೆಗೆ ಒಂದು ರಾಜಧಾನಿಯನ್ನೇ ಬರೆದರು. ಊರನ್ನು ನಾಲ್ಕು ಸೆಕ್ಟರ್ ಮಾಡಿದರು. ನಡೆಯುವವರಿಗೆ ಬೇರೆ ದಾರಿ, ಚಕ್ಕಡಿಗೆ ಬೇರೆ ದಾರಿ. ದಾರಿಗಳಲ್ಲೇ ಏಳು ತರಹ. ನಡುವಿನ ರಸ್ತೆ ಎಂಬತ್ತು ಅಡಿ ಅಗಲ. ಮೂರನೇ ಸೆಕ್ಟರಿನ ನಡುವೆ ಎರಡೂವರೆ ಎಕರೆ ಹಸಿರು. ಒಟ್ಟು ನಾಲ್ಕು ನೂರು ಮರ.

"ಬಿಸಲು, ಗಾಳಿ, ಹಸರು," ಎಂದು ಅವರು ಮೂರು ಬೆರಳು ಮಡಚುತ್ತಿದ್ದರು. "ಮೂರೂ ಸಿಕ್ರ ಮನಷ್ಯಾಗ ರೋಗಿಲ್ಲ, ಜಗಳಿಲ್ಲ. ಊರಂದ್ರ ಒಂದು ಯಂತ್ರ ಇದ್ದಂಗ, ತಂಗಿ. ಸರಿಯಾಗಿ ಬರದ್ರ ತಾನಽ ನಡೀತದ."

ಹೆಂಡತಿ ತೀರಿಕೊಂಡ ಮೇಲೆ ಅವರು ಬೈಲಹೊಂಗಲದ ಮನೆಯನ್ನು ತಮ್ಮನಿಗೆ ಬಿಟ್ಟು, ತಾವು ಬರೆದ ಊರಿಗೇ ಬಂದು ಇದ್ದರು. ಏಳನೇ ಇಯತ್ತೆಗೆ ಸಾಲೆ ಬಿಟ್ಟ ನಾನು ಅವರ ಮನೆ ಕಸ ಹೊಡೆಯಲು, ಎರಡು ರೊಟ್ಟಿ ಬಡಿಯಲು ಹೋಗುತ್ತಿದ್ದೆ. ಅವರ ಕಣ್ಣು ಮಂಜಾಗುತ್ತ ಬಂದಂತೆ ಪೆನ್ನು ನನ್ನ ಕೈಗೆ ಬಂತು. ನಕ್ಷೆಯ ಮೂಲ ಪ್ರತಿಯನ್ನು ಅವರು ಸುಮ್ಮನೆ ಸುತ್ತಿ ಇಟ್ಟಿರಲಿಲ್ಲ. ಊರಲ್ಲಿ ಒಂದು ಮರ ಒಣಗಿದರೆ ನಕ್ಷೆಯಿಂದಲೂ ಅದನ್ನು ತೆಗೆಸುತ್ತಿದ್ದರು. "ಇಲ್ಲದ್ದನ್ನ ಐತಿ ಅನಬಾರದು," ಎನ್ನುತ್ತಿದ್ದರು. ಆ ಬೇವಿನ ಮರ ಹೋದ ಮೇಲೆ ನಾನು ಎಣಿಸಿದೆ. ನಾಲ್ಕು ನೂರರಲ್ಲಿ ಹನ್ನೊಂದು ಉಳಿದಿದ್ದವು.

ಹಾಳೆ ಯಾವುದೇ ಇರಲಿ, ಅದರಲ್ಲಿ ಒಂದು ಕಡೆ ಶಾಯಿಯಲ್ಲಿ ಬರೆದ ಒಬ್ಬ ಮನುಷ್ಯ ನಿಂತಿರುತ್ತಿದ್ದ. ಆರಡಿ ಎತ್ತರ, ಅಗಲ ಹೆಗಲು, ಸಣ್ಣ ತಲೆ, ಮುಖವಿಲ್ಲ. ಎಡಗೈ ಮೇಲೆತ್ತಿದ್ದ. ದೊಡ್ಡ ಸಾಹೇಬರ ಕಚೇರಿಯಲ್ಲಿ ಎಲ್ಲದಕ್ಕೂ ಆ ಮನುಷ್ಯನದೇ ಅಳತೆಯಂತೆ. ಅವನ ಹೊಕ್ಕಳಿಗೆ ಕಟ್ಟೆ, ಅವನ ತಲೆಗೆ ಬಾಗಿಲು, ಎತ್ತಿದ ಅವನ ಬೆರಳಿಗೆ ಮಾಳಿಗೆ. ಅಜ್ಜಾರು ಅವನನ್ನು ಹಾಗೆಯೇ ನಮ್ಮೂರಿಗೆ ಕರೆತಂದರು. ನಮ್ಮಲ್ಲಿ ಆರಡಿಯ ಮನುಷ್ಯ ಒಬ್ಬನೂ ಇರಲಿಲ್ಲ. ಗೋಡೆಯ ಮಾಡಗಳು ಯಾವ ಹೆಂಗಸಿನ ಕೈಗೂ ಎಟುಕುತ್ತಿರಲಿಲ್ಲ. ಪ್ಲಾಟಿನ ಎಲ್ಲ ಮನೆಗಳಲ್ಲೂ ಅಡುಗೆ ಕೋಣೆಯಲ್ಲಿ ಒಂದು ಸ್ಟೂಲ್ ಇರುತ್ತದೆ, ಸ್ಟೂಲಿನಿಂದ ಬಿದ್ದು ಕಾಲು ಮುರಿದುಕೊಂಡ ಒಬ್ಬ ಮುದುಕಿ ಇರುತ್ತಾಳೆ. ನಮ್ಮ ಮನೆಯಲ್ಲಿ ನನ್ನ ಅಜ್ಜಿ ಸೋಮವ್ವ.

"ಈ ಮನಿ ನಮಗ ಕಟ್ಟಿಲ್ಲವಾ," ಎನ್ನುತ್ತಿದ್ದಳು ಅಜ್ಜಿ. "ಅವಂಗ ಕಟ್ಯಾರ. ನಾವು ಬಾಡಿಗಿ ಮಂದಿ."

ಅಮಾವಾಸ್ಯೆಗೆ ಅವಳು ನನ್ನನ್ನು ಸ್ಟೂಲ್ ಹತ್ತಿಸಿ ಮೇಲಿನ ಮಾಡದಲ್ಲಿ ಅವನಿಗೊಂದು ಎಡೆ ಇಡಿಸುತ್ತಿದ್ದಳು. ನಮ್ಮ ಮನೆ ಒಂದರಲ್ಲೇ ಅಲ್ಲ. ಚಿಕ್ಕಂದಿನಲ್ಲಿ ನನಗೆ ಅವನು ಬಾಗಿಲಲ್ಲಿ ತಲೆ ಬಗ್ಗಿಸದೆ ಒಳಗೆ ಬರುವುದು ಕಾಣುತ್ತಿತ್ತು. ನಡುಹಗಲಲ್ಲಿ ಎಂಬತ್ತು ಅಡಿಯ ರಸ್ತೆಗೆ ಯಾರೂ ಇಳಿಯುವುದಿಲ್ಲ. ನೆರಳಿಲ್ಲ. ಆ ಹೊತ್ತಿಗೆ ಧೂಳು ಒಂದು ಕಡೆಯಿಂದ ಇನ್ನೊಂದು ಕಡೆಗೆ ಆಳೆತ್ತರಕ್ಕಿಂತ ಮೇಲೆದ್ದು ನಡೆಯುತ್ತಿತ್ತು. ಜಗಲಿಯಲ್ಲಿ ಕೂತ ಹೆಂಗಸರು ಮಾತು ನಿಲ್ಲಿಸಿ ಅದು ಹೋಗುವವರೆಗೆ ಕಾಯುತ್ತಿದ್ದರು. ಹೋದ ಮೇಲೆ, ಬಿಟ್ಟಲ್ಲಿಂದಲೇ ಮಾತು ಹಿಡಿಯುತ್ತಿದ್ದರು.

ಕೆಟ್ಟ ಹಾಳೆಗಳನ್ನು ಅಜ್ಜಾರು ಕೇಳಿದವರಿಗೆ ಕೊಟ್ಟುಬಿಡುತ್ತಿದ್ದರು. ಆ ಬಟ್ಟೆಯನ್ನು ಕುದಿಸಿ ಗಂಜಿ ಬಿಡಿಸಿದರೆ ಮಲಮಲ್ಲಿಗಿಂತ ಮೆತ್ತಗಾಗುತ್ತದೆ. ಪ್ಲಾಟಿನ ಕೂಸುಗಳ ತಲೆಗೆ ಅದರದೇ ಕುಂಚಿಗೆ. ಶಾಯಿ ಮಾತ್ರ ಪೂರ್ತಿ ಹೋಗುವುದಿಲ್ಲ. ಕೂಸಿನ ನೆತ್ತಿಯ ಮೇಲೆ ತೆಳುವಾಗಿ ಒಂದು ರಸ್ತೆ ಹಾದು ಹೋಗಿರುತ್ತಿತ್ತು. ನನ್ನ ಕುಂಚಿಗೆಯನ್ನು ಅವ್ವ ಪೆಟ್ಟಿಗೆಯಲ್ಲಿ ಎತ್ತಿ ಇಟ್ಟಿದ್ದಳು. ಬೆಳಕಿಗೆ ಹಿಡಿದರೆ ಹೊಲಿಗೆಯ ಹತ್ತಿರ ಎತ್ತಿದ ಕೈಯೊಂದು ಕಾಣುತ್ತದೆ, ಮೈಯಿಲ್ಲ.

ಇಷ್ಟೆಲ್ಲ ಬರೆದವರು ಒಂದನ್ನು ಬರೆದಿರಲಿಲ್ಲ. ಊರಿಗೆ ಸ್ಮಶಾನವಿರಲಿಲ್ಲ.

ಬೇಸಿಗೆಯಲ್ಲಿ ಸತ್ತವರನ್ನು, ಜಲಾಶಯದ ನೀರು ಸರಿದಿರುವುದರಿಂದ, ಐದು ಮೈಲಿ ಕೆಳಗೆ ಹಳೆಯ ಊರಿನ ಹುಣಸೆ ತೋಪಿಗೆ ಒಯ್ಯುತ್ತಿದ್ದರು. ಮಳೆಗಾಲ ಬಂದರೆ ಗೋರಿಯ ಮೇಲೆ ನೀರು. ಮಳೆಗಾಲದಲ್ಲೇ ಸತ್ತರೆ ಪಕ್ಕದ ಊರಿನವರ ಕೈಕಾಲು ಹಿಡಿಯಬೇಕು. "ಸಾಯೂದಿದ್ರ ಚೈತ್ರದಾಗ ಸಾಯಸಪಾ ದೇವ್ರ," ಎಂದು ನಮ್ಮೂರಿನ ಮುದುಕಿಯರು ಬೇಡಿಕೊಳ್ಳುತ್ತಿದ್ದರು, ನಗುತ್ತಲೇ. ನನ್ನ ಅವ್ವ ಸತ್ತದ್ದು ತೊಂಬತ್ತೈದರ ಶ್ರಾವಣದಲ್ಲಿ. ಯಾರದೋ ಹೊಲದ ಬದುವಿನಲ್ಲಿ ಜಾಗ ಕೊಟ್ಟರು. ಮರು ವರ್ಷ ಆ ಹೊಲ ಬೇರೆಯವರ ಕೈಗೆ ಹೋಯಿತು, ಬದುವನ್ನು ಒಡೆದು ಜೋಳ ಬಿತ್ತಿದರು. ನಾನು ಅಜ್ಜಿಯ ಜೊತೆ ಹೋದಾಗ ಉದ್ದಕ್ಕೂ ಸಾಲು. ನಮ್ಮಲ್ಲಿ ಸತ್ತವರನ್ನು ಕೂರಿಸಿಯೇ ಹೂಳುವುದು; ಯಾವ ಸಾಲಿನಲ್ಲಿ ಅವ್ವ ಕೂತಿದ್ದಾಳೆ ಎಂದು ತಿಳಿಯಲಿಲ್ಲ. ಅಜ್ಜಿ ಬದು ಇದ್ದ ಕಡೆ ನೋಡುತ್ತ ಬಹಳ ಹೊತ್ತು ನಿಂತಳು. "ನನ್ನ ಹಿಂಗ ಮಾಡಬ್ಯಾಡ್ರಿ," ಎಂದಳು.

ಎರಡು ಸಾವಿರದ ಮೂರು, ಯುಗಾದಿಗೆ ಮೊದಲಿನ ವಾರ. ಪಂಚಾಯತಿ ಅಧ್ಯಕ್ಷ ಮಡಿವಾಳೆಪ್ಪ, ಟ್ರ್ಯಾಕ್ಟರಿನ ಜಮಾಲಸಾಬ ಇಬ್ಬರೂ ಅಜ್ಜಾರ ಮನೆಗೆ ಬಂದರು. ನಾನು ಚಹಾಕ್ಕೆ ನೀರಿಟ್ಟೆ.

"ಹಬ್ಬ ಆದ ಮ್ಯಾಲೆ ಸರ್ವೇದವ್ರು ಬರ್ತಾರ್ರಿ ಸಾಹೇಬ್ರ," ಎಂದರು ಮಡಿವಾಳೆಪ್ಪ. "ಆಫೀಸಿನ ನಕ್ಷಾ ಗೆದ್ದಲ ತಿಂದೈತಿ. ಖರೇ ನಕ್ಷಾ ಅಂದ್ರ ನಿಮ್ಮ ಹಂತ್ಯಾಕ ಇರೂದೊಂದಽ. ಅದರಾಗ ಏನೈತಿ ಅದನ್ನಽ ಖಾಯಂ ಬರಕೋತಾರ. ಮೂರನೇ ಸೆಕ್ಟರಿನ್ಯಾಗ ಬರೇ ಹಸರು ಅಂತ ಇದ್ರ, ಖಾಲಿ ಸರಕಾರಿ ಜಾಗಾ ಅಂತ ಹಿಡೀತಾರ. ನಾಳೆ ಗೋದಾಮು ಕಟ್ತಾರೋ ಇನ್ನೇನ್ ಕಟ್ತಾರೋ. ನೀವು ಅಲ್ಲೆ ಸ್ಮಶಾನ ಅಂತ ಒಂದು ಗೆರಿ ಹೊಡದ್ರ ಸಾಕ್ರಿ."

"ಅರ್ಧ ನಮಗ ಬರೀರಿ," ಎಂದ ಜಮಾಲಸಾಬ. "ಅರ್ಧಕ್ಕಿಂತ ಒಂದೀಟ ಜಾಸ್ತಿನಽ ಬರೀರಿ. ಇವ್ರ ಮಂದಿ ಕೂಡಾವ್ರು, ನಮ್ಮ ಮಂದಿ ಕಾಲ ಚಾಚಿ ಮಲಗಾವ್ರು. ಜಾಗಾ ಯಾರಿಗೆ ಹೆಚ್ಚು ಬೇಕು ನೀವಽ ಹೇಳ್ರಿ."

ಮಡಿವಾಳೆಪ್ಪ ನಕ್ಕರು. ಅಜ್ಜಾರು ನಗಲಿಲ್ಲ.

"ಅದು ಹಸರು," ಎಂದರು. "ಊರಿನ ಎದಿ ಅದು. ಊರು ಉಸರಾಡೋ ಜಾಗಾದಾಗ ಹೆಣಾ ಹೂಳ್ತೀರೇನು?"

"ಅಲ್ಲೆ ಜಾಲಿಕಂಟಿ ಬಿಟ್ರ ಯಾವದೂ ಉಸರಾಡಂಗಿಲ್ರಿ ಸಾಹೇಬ್ರ. ನನ್ನ ಆಡು ಸುದ್ದಾ ಅಲ್ಲಿಗೆ ಹೋಗಂಗಿಲ್ಲ," ಎಂದ ಜಮಾಲಸಾಬ.

"ಮೂವತ್ತು ವರ್ಷ ಆತು, ಹಸರು ಹಸರಾಗೇ ಇರಲಿ ಅಂತ ನಾ ಕಾದೇನಿ. ಈಗ ಗೆರಿ ಹಾಕಂಗಿಲ್ಲ."

ಮಡಿವಾಳೆಪ್ಪ ಚಹಾ ಕುಡಿಯದೆ ಎದ್ದರು. ಜಮಾಲಸಾಬ ಎರಡೂ ಕಪ್ಪು ಕುಡಿದು, ಬಾಗಿಲಲ್ಲಿ ನನ್ನ ಕಡೆ ನೋಡಿ ದನಿ ಇಳಿಸಿ ಹೇಳಿದ: "ನೀ ಒಂದ್ ಮಾತ ಹೇಳ ತಂಗಿ. ನಿನ್ನ ಕೈಯಾಗಽ ಐತಿ ಪೆನ್ನು."

ಪೆನ್ನು ನನ್ನ ಕೈಯಲ್ಲಿತ್ತು, ನಿಜ. ಅವರಿಗೆ ಹೇಳದೆ ಒಂದು ಗೆರೆ ಎಳೆದಿದ್ದರೆ ಅವರಿಗೆ ಕಾಣುತ್ತಲೂ ಇರಲಿಲ್ಲ. ಅದೇ ಕಾರಣಕ್ಕೆ ನನ್ನಿಂದ ಆಗಲಿಲ್ಲ. ಕಪ್ಪು ತೊಳೆಯುತ್ತ ನಿಂತೆ. ಹಿಂದಿನಿಂದ ಅಜ್ಜಾರ ದನಿ ಬಂತು, ನನಗೆ ಹೇಳಿದಂತಲ್ಲ, ಗೋಡೆಗೆ ಹೇಳಿದಂತೆ.

"ನಾ ಹಳೇ ಊರಿನ್ಯಾಗ ಹದಿನೆಂಟು ದಿವಸ ಇದ್ದೆ. ಟೇಪ್ ಹಿಡದು ಒಂದೊಂದು ಮನಿ, ಬಾವಿ, ಗುಡಿ, ಮಸೂತಿ, ಕಾಳಿನ ಹಗೇವು, ದನದ ಕೊಟ್ಟಗಿ, ಎಲ್ಲಾ ಬರಕೊಂಡೆ. ಸತ್ತವ್ರನ್ನ ಮರತೆ. ಎಂಥಾ ಮನಷ್ಯಾ ನಾನು, ಹೆಂಗ ಮರತೆ?" ಕುರ್ಚಿ ಕಿರುಗುಟ್ಟಿತು. "ಈಗ ಬರದ್ರ, ಮರತಿದ್ದು ಖರೇ ಆಗ್ತದ."

ಮನೆಗೆ ಬಂದು ಅಜ್ಜಿಗೆ ಇದನ್ನು ಹೇಳಿದೆ. ಅವಳು ಮುರಿದ ಕಾಲನ್ನು ಚಾಚಿಕೊಂಡು ಕೂತು ಶೇಂಗಾ ಸುಲಿಯುತ್ತಿದ್ದಳು. ಕೈ ನಿಂತಿತು.

"ಅಂವ ಮರತಿಲ್ಲ," ಎಂದಳು.

"ಮತ್ತ?"

"ನಾವಽ ತೋರಿಸಲಿಲ್ಲ."

ನಾನು ಅವಳ ಮುಂದೆ ಕೂತೆ. ಅಜ್ಜಿ ಶೇಂಗಾದ ಸಿಪ್ಪೆಯನ್ನು ಬೆರಳಲ್ಲಿ ಪುಡಿ ಮಾಡುತ್ತ ಹೇಳಿದಳು.

"ಅಂವ ಟೇಪ್ ಹಿಡಕೊಂಡು ಬಂದಾಗ ಊರಾಗ ಒಂದು ಮಾತು ಎದ್ದಿತ್ತವಾ. ಅಂವ ಬರಕೊಂಡದ್ದೆಲ್ಲಾ ಮುಳಗತೈತಿ, ಬರಕೊಳ್ಳದಽ ಬಿಟ್ಟದ್ದು ಉಳೀತೈತಿ ಅಂತ. ಮನಿ ಮುಚ್ಚಿಡಾಕ ಬರ್ತೈತೇನು? ಗುಡಿ ಮುಚ್ಚಿಡಾಕ ಬರ್ತೈತೇನು? ಹುಣಸಿ ತೋಪೊಂದಽ ಊರ ಹೊರಗಿತ್ತು. ಹಿರ್ಯಾರೆಲ್ಲಾ ಅಲ್ಲೇ ಕುಂತಿದ್ರು. ನಿನ್ನ ಅಜ್ಜಾನೂ ಅಲ್ಲೇ ಇದ್ದ, ಹೊಸಾ ಮಣ್ಣು ಇನ್ನೂ ಆರಿರಲಿಲ್ಲ. ಅವ್ರನ್ನಾದ್ರೂ ಉಳಸೂಣು ಅಂದ್ವಿ. ಗೋರಿ ಮ್ಯಾಲೆಲ್ಲಾ ಜ್ವಾಳದ ಕಣಿಕಿ ಒಟ್ಟಿದ್ವಿ. ನಮ್ಮವ್ರು, ಜಮಾಲನ ಅಪ್ಪನ ಕಡೆಯವ್ರು, ಎಲ್ಲಾರೂ ಕೂಡಿ. ಅಂವ ಬಂದು ಏನಿದು ಅಂತ ಕೇಳಿದ. ಕಣಿಕಿ ಬಣವಿರಿ ಅಂತ ನಾನಽ ಅಂದೆ. ಪಾಪ, ನಂಬಿದ. ಬರಕೊಳ್ಳಲಿಲ್ಲ."

"ಆಮ್ಯಾಲೆ ಯಾಕ ಹೇಳಲಿಲ್ಲ, ಆಯಿ?"

"ನೀರು ಬಂದು ಕಣಿಕಿ ತೇಲಿಹೋದ ದಿವಸ ಯಾರಿಗೆ ಹೇಳಬೇಕಿತ್ತವಾ? ಬಂದು ನೋಡಿದ್ವಿ, ಇಲ್ಲೂ ಜಾಗಾ ಇಲ್ಲ. ನಾವಽ ಮಾಡಿದ್ದು." ಅವಳು ಮೇಲಿನ ಮಾಡದ ಕಡೆ ಕಣ್ಣೆತ್ತಿದಳು. "ಅದಕ್ಕಽ ನಾ ಅವಂಗ ಎಡಿ ಇಡತೇನಿ. ಹಾಳ್ಯಾಗ ನಿಂತ ಅಂವ ನಮ್ಮ ಸುಳ್ಳು ಕಂಡಾನ."

ಮರುದಿನ ಮಧ್ಯಾಹ್ನ ಅಜ್ಜಾರಿಗೆ ಊಟಕ್ಕೆ ಹಾಕಿ, ತಾಟಿನ ಮುಂದೆ ನಿಂತು ಎಲ್ಲವನ್ನೂ ಹೇಳಿದೆ. ಅವರ ಮನೆಯಲ್ಲಿ ಅಷ್ಟು ಮಾತನ್ನು ನಾನು ಎಂದೂ ಆಡಿರಲಿಲ್ಲ. ಅವರು ರೊಟ್ಟಿ ಮುರಿಯುವುದನ್ನು ಬಿಟ್ಟು ಕೇಳಿದರು.

"ಹನ್ನೊಂದು ಬಣವಿ," ಎಂದರು ಕೊನೆಗೆ. "ನನಗ ನೆನಪೈತಿ. ಬಣವಿ ಅಷ್ಟು ಗಿಡ್ಡ ಯಾಕ ಒಟ್ಟ್ಯಾರ ಅಂತ ಅಂದಕೊಂಡಿದ್ದೆ." ಕೈಯಲ್ಲಿದ್ದ ರೊಟ್ಟಿಯ ತುಂಡನ್ನು ತಾಟಿಗೆ ಇಟ್ಟರು. ನಕ್ಕರೋ ಏನೋ, ಗೊತ್ತಾಗಲಿಲ್ಲ. "ನಂಬಿ ಬಿಟ್ಟೆ ನೋಡು. ಒಂದು ಸಲ ಬಗ್ಗಿ ನೋಡಲಿಲ್ಲ."

ಊಟ ಹಾಗೆಯೇ ಬಿಟ್ಟು ಎದ್ದು ಕೈ ತೊಳೆದು ಮೇಜಿನ ಹತ್ತಿರ ಹೋದರು. ನಕ್ಷೆ ಬಿಚ್ಚಿಸಿದರು. ಮೂರನೇ ಸೆಕ್ಟರಿನ ಹಸಿರಿನ ಮೇಲೆ ಅಂಗೈ ಇಟ್ಟು, ಕುರುಡರು ಮುಖ ತಡವುವ ಹಾಗೆ ಮೆಲ್ಲಗೆ ಸವರಿದರು. ಪೆನ್ನು ಅದ್ದಿ ಅವರ ಕೈಗೆ ಕೊಟ್ಟೆ. ತುದಿಯನ್ನು ಬಟ್ಟೆಯ ಹತ್ತಿರ ಒಯ್ದು ನಿಲ್ಲಿಸಿದರು. ತಿರುಗಿ ಕೊಟ್ಟರು.

"ಈಗ ಬ್ಯಾಡ. ಮುಂಜಾನಿ ಎಳೇ ಬಿಸಲಿನ್ಯಾಗ ನನಗ ಒಂದೀಟ ಕಾಣಸತೈತಿ. ನಾಳೆ ಬಾ. ಇದೊಂದು ಗೆರಿ ನಾನಽ ಹಾಕತೇನಿ."

"ಬರತೇನ್ರಿ ಅಜ್ಜಾರ."

"ಇಂವನ್ನೇನು ಮಾಡೂದು?" ಎಂದರು ಬೆರಳು ಊರಿ. ಹಸಿರಿನ ಸರಿ ನಡುವೆ ಅವನು ನಿಂತಿದ್ದ, ಕೈ ಎತ್ತಿ. ಊರಿನ ಅಳತೆ ತಿಳಿಯಲಿ ಎಂದು ಮೂವತ್ತು ವರ್ಷದ ಹಿಂದೆ ಅವರೇ ನಿಲ್ಲಿಸಿದ್ದವನು. ಬರೀ ಮನುಷ್ಯ, ಆದರೆ ಸುತ್ತಲಿನ ಮನೆಗಳಿಗಿಂತ ದೊಡ್ಡದಾಗಿ ಬರೆದಿದ್ದರು. "ಗಟ್ಟಿ ಶಾಯಿ. ನೀನಽ ಕೆರೀಬೇಕು."

ಮರುದಿನ ಮುಂಜಾನೆ ನಾನು ಹೋದಾಗ ಬಾಗಿಲು ತೆರೆದಿತ್ತು. ಅವರು ಮೇಜಿನ ಮುಂದೆ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡಿದ್ದರು. ಕಿಟಕಿಯಿಂದ ಬಿಸಿಲು ಸರಿಯಾಗಿ ಬಟ್ಟೆಯ ಮೇಲೆ ಬಿದ್ದಿತ್ತು. ಪೆನ್ನಿನ ತುದಿಯಲ್ಲಿ ಶಾಯಿ ಒಣಗಿತ್ತು. "ಅಜ್ಜಾರ," ಎಂದೆ. ಆಮೇಲೆ ಹತ್ತಿರ ಹೋಗಿ ಕೈ ಮುಟ್ಟಿದೆ. ತಣ್ಣಗಿತ್ತು. ಹಸಿರಿನ ನಾಲ್ಕು ಮೂಲೆಗೆ ನಾಲ್ಕು ಪೆನ್ಸಿಲ್ ಚುಕ್ಕೆ ಇದ್ದವು. ಗೆರೆ ಇರಲಿಲ್ಲ.

ಮಡಿವಾಳೆಪ್ಪ ಬೈಲಹೊಂಗಲಕ್ಕೆ ಫೋನ್ ಮಾಡಿಸಿದರು. ಅಜ್ಜಾರ ತಮ್ಮ ತೀರಿಕೊಂಡು ಎರಡು ವರ್ಷವಾಗಿತ್ತಂತೆ. ತಮ್ಮನ ಮಕ್ಕಳು, ನೀವೇ ಮುಂದಿನದು ಮಾಡಿರಿ ಎಂದರು. ಹುಣಸೆ ತೋಪಿಗೆ ಒಯ್ಯೋಣ ಎಂದು ಒಬ್ಬರು, ಅದು ಅವರ ಊರಲ್ಲ ಎಂದು ಇನ್ನೊಬ್ಬರು. ನಡುಹಗಲಲ್ಲಿ, ಬಾಗಿಲಲ್ಲಿ ಜನ ಗುಂಪಾಗಿ ನಿಂತಿರುವಾಗ, ನನ್ನ ಅಜ್ಜಿ ಕೋಲೂರಿಕೊಂಡು ಎಂಬತ್ತು ಅಡಿಯ ರಸ್ತೆಯನ್ನು ಒಬ್ಬಳೇ ದಾಟಿ ಬಂದಳು. ಮೂವತ್ತು ವರ್ಷದಲ್ಲಿ ಅವಳು ಆ ಹೊತ್ತಿನಲ್ಲಿ ಅದನ್ನು ದಾಟಿದ್ದನ್ನು ಯಾರೂ ನೋಡಿರಲಿಲ್ಲ.

"ಅಂವ ಬರದ ಹಸರಿನ್ಯಾಗ ಇಡ್ರಿ," ಎಂದಳು. "ಮದಲ ಅಂವ ಕುಂಡರ್ಲಿ. ಆಮ್ಯಾಲೆ ನಾವು."

ಜಮಾಲಸಾಬ ಟ್ರ್ಯಾಕ್ಟರ್ ತಂದು ಜಾಲಿಕಂಟಿ ಕಿತ್ತ. ನಮ್ಮಲ್ಲಿ ಗುಂಡಿಯ ಅಳತೆಯನ್ನು ಸತ್ತವರ ಪಾದದಿಂದಲೇ ತೆಗೆಯುತ್ತಾರೆ. ಅವರವರ ಪಾದಕ್ಕೆ ತಕ್ಕ ಹಾಗೆ ಅವರವರ ಗುಂಡಿ, ಬೇರೆಯವರದು ನಡೆಯುವುದಿಲ್ಲ. ಅಳೆಯುವುದು ನನಗೆ ರೂಢಿಯೆಂದು ಹಿರಿಯರು ದಾರವನ್ನು ನನ್ನ ಕೈಗೆ ಕೊಟ್ಟರು. ಅಜ್ಜಾರ ಹಿಮ್ಮಡಿಯಿಂದ ಹೆಬ್ಬೆರಳಿನವರೆಗೆ ದಾರ ಹಿಡಿದೆ. ಸಣ್ಣ ಪಾದ, ನನ್ನದಕ್ಕಿಂತ ಅರ್ಧ ಇಂಚು ಹೆಚ್ಚು ಅಷ್ಟೆ. ಆರಡಿಯ ಮನುಷ್ಯನ ಲೆಕ್ಕದಲ್ಲಿ ಊರು ಬರೆದವರು ಇಷ್ಟು ಗಿಡ್ಡ ಇದ್ದರೆಂದು ಅಂದೇ ನನಗೆ ಕಂಡದ್ದು. ಅವರ ಮನೆಯಲ್ಲೂ ಒಂದು ಸ್ಟೂಲ್ ಇತ್ತು. ಅದನ್ನು ಯಾವಾಗಲೂ ಬಾಗಿಲ ಹಿಂದೆ ಇಡುತ್ತಿದ್ದರು.

ದಾರಕ್ಕೆ ಗಂಟು ಹಾಕಿ ಕಳಿಸಿದೆ. ಹೆಂಗಸರು ಹಸಿರಿನವರೆಗೆ ಹೋಗಲಿಲ್ಲ.

ಯುಗಾದಿ ಆಯಿತು. ನಾಳೆ ಸರ್ವೆಯವರು ಬರುತ್ತಾರೆಂದು ಮಡಿವಾಳೆಪ್ಪ ಹೇಳಿಕಳಿಸಿದರು. ಅಜ್ಜಾರ ಮನೆಯ ಬೀಗದ ಕೈ ನನ್ನ ಹತ್ತಿರ ಇತ್ತು. ಮುಂಜಾನೆಯ ಬಿಸಿಲಿಗೆ ಹೋಗಿ ನಕ್ಷೆ ಬಿಚ್ಚಿದೆ. ನಾಲ್ಕು ಚುಕ್ಕೆಗಳಿಗೆ ಸ್ಕೇಲ್ ಇಟ್ಟೆ. ಮೂರು ಬದಿಯ ಗೆರೆ ತಪ್ಪಿಲ್ಲದೆ ಬಂತು. ನಾಲ್ಕನೆಯದಕ್ಕೆ ಅವನ ಎತ್ತಿದ ಕೈ, ಒಳಗೆ ಬರೆಯಬೇಕಾದ ಅಕ್ಷರಕ್ಕೆ ಅವನ ಮೈ ಅಡ್ಡ ನಿಂತಿತ್ತು.

ಬ್ಲೇಡ್ ಅಡ್ಡ ಹಿಡಿದೆ. ಮೊದಲು ಎತ್ತಿದ ಕೈ. ಬೆರಳುಗಳು ಪುಡಿಯಾದವು. ಆಮೇಲೆ ತೋಳು, ತಲೆ, ಹೆಗಲು. ಊದಿದೆ. ಚಾಕಿನ ಪುಡಿ ತಿಕ್ಕಿ ಬಟ್ಟೆಯನ್ನು ಕಿಟಕಿಗೆ ಎತ್ತಿ ಹಿಡಿದೆ. ಶಾಯಿ ಹೋಗಿತ್ತು, ಅವನು ಇದ್ದ. ನೂಲಿನ ಒಳಗೆ ಇಳಿದಿದ್ದ, ನನ್ನ ಕುಂಚಿಗೆಯಲ್ಲಿ ಇದ್ದಂತೆ. ಮತ್ತೆ ಕೆರೆದೆ. ಇನ್ನೊಂದು ಸಲ ಕೆರೆದರೆ ತೂತು ಬೀಳುತ್ತದೆ, ತೂತು ಬಿದ್ದ ನಕ್ಷೆಯನ್ನು ಸರ್ವೆಯವರು ಒಪ್ಪುವುದಿಲ್ಲ. ಅವನ ಮೇಲೆಯೇ ಬರೆದರೆ ಶಾಯಿ ಹರಡುತ್ತದೆ. ಅಷ್ಟರಲ್ಲಿ ನಡುಹಗಲಾಗಿತ್ತು, ಹೊರಗೆ ರಸ್ತೆಯಲ್ಲಿ ಧೂಳು ಎದ್ದು ನಡೆಯತೊಡಗಿತ್ತು. ಜಗಲಿಗಳಲ್ಲಿ ಹೆಂಗಸರ ಮಾತು ಒಂದೊಂದಾಗಿ ನಿಂತಿತು. ಧೂಳು ಅಜ್ಜಾರ ಬಾಗಿಲಿಗೆ ಬಂದು ಅಲ್ಲೇ ತಡೆಯಿತು, ಮುಂದೆ ಹೋಗಲಿಲ್ಲ.

ನಾನು ತಲೆ ಎತ್ತಲಿಲ್ಲ. ಪೆನ್ನನ್ನು ಶಾಯಿಯಲ್ಲಿ ಅದ್ದಿ ಕೈ ತಡೆದು ಹಿಡಿದೆ.

"ನಮ್ಮವ್ರು ಕುಂಡರಬೇಕ್ರಿ," ಎಂದೆ. "ಒಂದೀಟ ಸರೀರಿ."